ತೊಟ್ಟಿಯ ತಳದಲ್ಲಿದ್ದ ಮಾಪಕ

2020ರ ಮೇ 7ರ ನಸುಕಿನ ಮೂರು ಗಂಟೆಯ ಹೊತ್ತಿಗೆ ವಿಶಾಖಪಟ್ಟಣದ ಗೋಪಾಲಪಟ್ಟಣದ ಬಳಿಯಿರುವ ಆರ್.ಆರ್. ವೆಂಕಟಾಪುರದ ಜನ ನಿದ್ದೆಯಲ್ಲಿದ್ದರು. ದೇಶವೆಲ್ಲ ಬಾಗಿಲು ಹಾಕಿಕೊಂಡು ಕುಳಿತು ಆರು ವಾರಗಳಾಗಿದ್ದವು. ಊರಿಗೆ ಅಂಟಿಕೊಂಡಂತಿದ್ದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಎಂ-6 ಎಂಬ ತೊಟ್ಟಿಯಿಂದ ಹೊರಟ ಸ್ಟೈರೀನ್ ಆವಿ ಮಂಜಿನಂತೆ ನೆಲ ಹಿಡಿದು ಓಣಿಗಳಿಗೆ ಇಳಿಯಿತು. ಕಣ್ಣುರಿಗೆ ಎಚ್ಚೆತ್ತವರು ಬಾಗಿಲು ತೆರೆದು ಓಡಿದರು. ಓಡುತ್ತ ಓಡುತ್ತಲೇ ಹಲವರು ರಸ್ತೆಯಲ್ಲಿ ಕುಸಿದರು. ಹನ್ನೆರಡು ಜೀವಗಳು ಹೋದವು. ಅವುಗಳಲ್ಲಿ ಮಕ್ಕಳ ಜೀವಗಳೂ ಇದ್ದವು. ನೂರಾರು ಮಂದಿ ಆಸ್ಪತ್ರೆ ಸೇರಿದರು. ದನಗಳು ಕಟ್ಟಿದ ಗೂಟದಲ್ಲೇ ಸತ್ತವು.

ಮರುದಿನದ ಪತ್ರಿಕೆಗಳು ಇದನ್ನು ‘ಅನಿಲ ಸೋರಿಕೆ’ ಎಂದು ಕರೆದವು. ಆ ಹೆಸರೇ ಉಳಿದಿದೆ. ಆದರೆ ಆ ತೊಟ್ಟಿಯಲ್ಲಿದ್ದುದು ಅನಿಲವಲ್ಲ, ಸುಮಾರು 1,800 ಟನ್ ದ್ರವ. ಸ್ಟೈರೀನ್ ಕುದಿಯುವುದು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರಿಗಿಂತಲೂ ತಡವಾಗಿ. ವಿಶಾಖಪಟ್ಟಣದ ಬೇಸಿಗೆ ಎಷ್ಟೇ ಕಡುವಾದರೂ ಅದರ ಮೂರರಲ್ಲೊಂದು ಪಾಲನ್ನೂ ಮುಟ್ಟದು. ಕುದಿಸುವವರಿಲ್ಲದೆ, ಬೆಂಕಿಯಿಲ್ಲದೆ, ಕಡಲ ತಂಗಾಳಿಯ ನಸುಕಿನಲ್ಲಿ ಆ ದ್ರವ ಹೇಗೆ ಕುದಿಯಿತು? ರಾಜ್ಯ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ಅದೇ ವರ್ಷದ ಜುಲೈಯಲ್ಲಿ ಒಪ್ಪಿಸಿದ ವರದಿಯಲ್ಲಿ ಹಲವು ಕಾರಣಗಳಿವೆ. ಅವುಗಳಲ್ಲಿ ಒಂದು ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸಿದೆ. ಅಷ್ಟು ದೊಡ್ಡ ತೊಟ್ಟಿಯ ತಾಪವನ್ನು ಅಳೆಯುತ್ತಿದ್ದ ಮಾಪಕ ಅದರ ತಳಭಾಗದಲ್ಲಿ ಮಾತ್ರ ಇತ್ತು. ತಳ ತಣ್ಣಗಿತ್ತು. ಮಾಪಕ ತೋರಿದ್ದು ಸುಳ್ಳಲ್ಲ.

ಒಂದು ತೊಟ್ಟಿಗೆ ಒಂದು ತಾಪ ಎಂದು ನಾವು ಏಕೆ ನಂಬುತ್ತೇವೆ? ತಾಪವೆಂದರೆ ಏನನ್ನು ಅಳೆದಂತೆ? ಈ ಪ್ರಶ್ನೆಗೆ ಉತ್ತರ ಸಿಕ್ಕ ಬಗೆ ವಿಜ್ಞಾನ ಚರಿತ್ರೆಯ ಸೊಗಸಾದ, ಸ್ವಲ್ಪ ನೋವಿನ ಅಧ್ಯಾಯ. ಅದರ ಒಂದು ಮುಖ್ಯ ಪುಟ ಬರೆಯಲ್ಪಟ್ಟದ್ದು ಮುಂಬಯಿಯಲ್ಲಿ ಎಂಬುದು ಹೊರನಾಡ ಕನ್ನಡಿಗರಾದ ನಮ್ಮಲ್ಲಿ ಹಲವರಿಗೆ ಕುತೂಹಲದ ಸಂಗತಿಯಾದೀತು.

ಮೊದಲು ಪದಗಳ ಬಗ್ಗೆ ಒಂದು ಮಾತು. ‘ಅನಿಲ’ವೆಂದರೆ ಸಂಸ್ಕೃತದಲ್ಲಿ ಗಾಳಿ, ಬೀಸುವುದು ಅದರ ಗುಣ. ‘ಗ್ಯಾಸ್’ ಎಂಬುದನ್ನು ಹದಿನೇಳನೆಯ ಶತಮಾನದಲ್ಲಿ ಟಂಕಿಸಿದ ಫ್ಲೆಮಿಷ್ ರಸವಾದಿ ವಾನ್ ಹೆಲ್ಮಾಂಟ್ ಅದಕ್ಕೆ ಆಧಾರವಾಗಿ ಹಿಡಿದದ್ದು ಗ್ರೀಕರ ‘ಕೇಯಾಸ್’ ಪದವನ್ನು. ಅಂದರೆ ರೂಪವಿಲ್ಲದ ಗೊಂದಲ. ನಮ್ಮದೇ ಆದ ‘ಆವಿ’ ತಮಿಳಿನಲ್ಲಿ ಉಸಿರೂ ಹೌದು, ಪ್ರಾಣವೂ ಹೌದು, ತೆಲುಗಿನಲ್ಲಿ ‘ಆವಿರಿ’. ಬೀಸುವುದು, ಗೊಂದಲ, ಉಸಿರು: ಅಣುಗಳ ಸುದ್ದಿ ತಿಳಿಯುವ ಮೊದಲೇ ಭಾಷೆಗಳು ಒಂದೊಂದು ಅಂಶವನ್ನು ಹಿಡಿದಿದ್ದವು.

ಗಾಳಿಗೆ ಒತ್ತಡ ಹಾಕಿದರೆ ಅದು ಕುಗ್ಗುತ್ತದೆ, ಬಿಟ್ಟರೆ ಹಿಗ್ಗುತ್ತದೆ. ಇದಕ್ಕೊಂದು ಲೆಕ್ಕವಿದೆಯೆಂದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ. ಒಂದು ತುದಿ ಮುಚ್ಚಿದ, ಬಾಗಿಸಿದ ಗಾಜಿನ ಕೊಳವೆಗೆ ಪಾದರಸ ಸುರಿಯುತ್ತ, ಒಳಗೆ ಸಿಕ್ಕಿಬಿದ್ದ ಗಾಳಿಯ ಗಾತ್ರವನ್ನು ಅಳೆಯುತ್ತ ಹೋದ. ತಾಪ ಬದಲಾಗದಿದ್ದಲ್ಲಿ ಒತ್ತಡ ಇಮ್ಮಡಿಯಾದರೆ ಗಾತ್ರ ಅರ್ಧ. ಗಾಳಿಯ ಕಣಗಳು ಉಣ್ಣೆಯ ಸುರುಳಿಗಳ ಹಾಗೆ, ಅದುಮಿದರೆ ಅದುಮಿಸಿಕೊಂಡು ಮತ್ತೆ ಚಿಮ್ಮುತ್ತವೆ ಎಂಬುದು ಅವನು ಮುಂದಿಟ್ಟ ಚಿತ್ರ. ಅಂದರೆ ಕಣಗಳು ಒಂದಕ್ಕೊಂದು ಆತುಕೊಂಡು ತಮ್ಮ ತಮ್ಮ ಜಾಗದಲ್ಲೇ ಇವೆ. 1738ರಲ್ಲಿ ಡೇನಿಯಲ್ ಬರ್ನೂಲಿ ಇದಕ್ಕೆ ವಿರುದ್ಧವಾದ ಚಿತ್ರವನ್ನು ಕೊಟ್ಟ: ಕಣಗಳು ಎಲ್ಲೂ ನಿಲ್ಲದೆ ಹಾರಾಡುತ್ತವೆ, ಪಾತ್ರೆಯ ಗೋಡೆಗೆ ಬಡಿಯುತ್ತವೆ, ಲೆಕ್ಕವಿಲ್ಲದಷ್ಟು ಪೆಟ್ಟುಗಳ ಮೊತ್ತವೇ ಒತ್ತಡ. ಜಾಗ ಅರ್ಧವಾದರೆ ಪೆಟ್ಟುಗಳು ಇಮ್ಮಡಿ. ಬಾಯ್ಲ್‌ನ ನಿಯಮ ತಾನಾಗಿಯೇ ಹೊರಬಿತ್ತು. ಆದರೂ ನೂರು ವರ್ಷ ಅದನ್ನು ಹೆಚ್ಚಿನವರು ಗಮನಿಸಲಿಲ್ಲ. ಬೆಲೂನು ಹಾರಿಸಿದ ಜ್ಯಾಕ್ ಚಾರ್ಲ್ಸ್ ಕಂಡುಕೊಂಡು ಪ್ರಕಟಿಸದೆ ಬಿಟ್ಟದ್ದನ್ನು 1802ರಲ್ಲಿ ಗೇ-ಲುಸಾಕ್ ಪ್ರಕಟಿಸಿದ: ಒತ್ತಡ ಬದಲಾಗದಿದ್ದರೆ ಎಲ್ಲ ಅನಿಲಗಳೂ ತಾಪಕ್ಕೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಏಕೆ ಒಂದೇ ಪ್ರಮಾಣ? ಜಲಜನಕಕ್ಕೂ ಇಂಗಾಲಾಮ್ಲಕ್ಕೂ ಏನು ಸಮಾನ? ಶಾಖವೆಂಬುದು ವಸ್ತುವಿನಿಂದ ವಸ್ತುವಿಗೆ ಹರಿಯುವ ಒಂದು ಸೂಕ್ಷ್ಮ ದ್ರವವೆಂದು ನಂಬಿದ್ದ ಕಾಲದಲ್ಲಿ ಈ ಪ್ರಶ್ನೆಗೆ ಒಪ್ಪುವ ಉತ್ತರವಿರಲಿಲ್ಲ.

ಉತ್ತರ ಕೊಟ್ಟವನು ಜಾನ್ ಜೇಮ್ಸ್ ವಾಟರ್‌ಸ್ಟನ್. 1811ರಲ್ಲಿ ಎಡಿನ್‌ಬರೋದಲ್ಲಿ, ಮೊಹರಿನ ಅರಗು ತಯಾರಿಸುವ ಮನೆತನದಲ್ಲಿ ಹುಟ್ಟಿದವನು. 1839ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕಾ ತರುಣರಿಗೆ ಪಾಠ ಹೇಳುವ ಕೆಲಸ ಹಿಡಿದು ಮುಂಬಯಿಗೆ ಬಂದ. ಸಂಬಳಕ್ಕೆ ಪಾಠ, ಮಿಕ್ಕ ಹೊತ್ತು ತನ್ನ ಗಣಿತ. ಅಲ್ಲಿಂದಲೇ 1845ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ದೀರ್ಘವಾದ ಒಂದು ಪ್ರಬಂಧವನ್ನು ಕಳುಹಿಸಿದ. ಅದರ ತಿರುಳು ಇಷ್ಟು: ಅನಿಲದ ಅಣುಗಳು ದಿಕ್ಕುದೆಸೆಯಿಲ್ಲದೆ ಓಡುತ್ತ ಒಂದಕ್ಕೊಂದು ಡಿಕ್ಕಿಯಾಗುತ್ತಿರುತ್ತವೆ, ತಾಪವೆಂಬುದು ಆ ಓಟದ ಚೈತನ್ಯದ ಸರಾಸರಿ, ಹಗುರ ಅಣುವೂ ಭಾರದ ಅಣುವೂ ಒಂದೇ ಪಾತ್ರೆಯಲ್ಲಿ ಬೆರೆತಾಗ ಡಿಕ್ಕಿಗಳ ಮೂಲಕ ಚೈತನ್ಯವನ್ನು ಹಂಚಿಕೊಂಡು ಸಮವಾಗುತ್ತವೆ, ಆದ್ದರಿಂದ ಹಗುರವಾದದ್ದು ವೇಗವಾಗಿ, ಭಾರವಾದದ್ದು ನಿಧಾನವಾಗಿ ಓಡುತ್ತದೆ. ಎಲ್ಲ ಅನಿಲಗಳೂ ಏಕೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ ಎಂಬುದಕ್ಕೆ ಇದೇ ಉತ್ತರ. ತಾಪ ಸಮನಾಗಿದ್ದರೆ ಪ್ರತಿ ಅಣುವಿನ ಪಾಲಿನ ಚೈತನ್ಯವೂ ಸರಾಸರಿಯಲ್ಲಿ ಸಮ; ಅಣು ಯಾವ ಜಾತಿಯದೆಂಬುದು ಅಲ್ಲಿ ಲೆಕ್ಕಕ್ಕಿಲ್ಲ.

ಪ್ರಬಂಧವನ್ನು ಪರಿಶೀಲಿಸಿದವರಲ್ಲೊಬ್ಬರು ಇದು ಅಸಂಬದ್ಧ, ಸಭೆಯಲ್ಲಿ ಓದಲೂ ತಕ್ಕುದಲ್ಲ ಎಂಬರ್ಥದ ಟಿಪ್ಪಣಿ ಬರೆದರು. 1846ರಲ್ಲಿ ಒಂದು ಸಣ್ಣ ಸಾರಾಂಶ ಮಾತ್ರ ಅಚ್ಚಾಯಿತು. ಒಮ್ಮೆ ಸೊಸೈಟಿಗೆ ಕಳುಹಿಸಿದ ಹಸ್ತಪ್ರತಿ ಸೊಸೈಟಿಯ ಆಸ್ತಿ, ಹಿಂದಿರುಗಿಸುವ ಪದ್ಧತಿಯಿಲ್ಲ. ವಾಟರ್‌ಸ್ಟನ್ ತನಗಾಗಿ ಪ್ರತಿ ಇಟ್ಟುಕೊಂಡಿರಲಿಲ್ಲ. ಹೀಗೆ ಮುಂಬಯಿಯಲ್ಲಿ ಬರೆದ ಕಾಗದಗಳು ಲಂಡನ್ನಿನ ದಫ್ತರದಲ್ಲಿ ಮಲಗಿದವು. ಜರ್ಮನಿಯ ಕ್ಲಾಸಿಯಸ್ 1857ರಲ್ಲಿ, ಮ್ಯಾಕ್ಸ್‌ವೆಲ್ 1860ರಲ್ಲಿ ಅದೇ ದಾರಿಯಲ್ಲಿ ಸ್ವತಂತ್ರವಾಗಿ ನಡೆದು ಮುಂದಕ್ಕೆ ಹೋದರು, ಕೀರ್ತಿ ಅವರದಾಯಿತು. 1857ರಲ್ಲೇ ಸ್ಕಾಟ್ಲೆಂಡಿಗೆ ಮರಳಿದ್ದ ವಾಟರ್‌ಸ್ಟನ್ 1883ರ ಜೂನಿನಲ್ಲೊಂದು ದಿನ ಮನೆಯಿಂದ ನಡೆದುಹೋದವನು ಮರಳಲಿಲ್ಲ. ಎಂಟು ವರ್ಷಗಳ ಮೇಲೆ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಲಾರ್ಡ್ ರೇಲೀ ಆ ಹಸ್ತಪ್ರತಿಯನ್ನು ಹುಡುಕಿ ತೆಗೆದು, 1892ರಲ್ಲಿ ಸೊಸೈಟಿಯ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದ. ನಲವತ್ತೇಳು ವರ್ಷ. ಮುಂಬಯಿಯ ಕೋಟೆ ಪ್ರದೇಶದಲ್ಲಿ ಓಡಾಡುವ ನಮ್ಮವರು ಎಷ್ಟೋ ಫಲಕಗಳನ್ನು ಓದುತ್ತಾರೆ. ಈ ಹೆಸರಿಗೂ ಅಲ್ಲೊಂದು ಜಾಗ ಸಲ್ಲಬೇಕಿತ್ತು.

ಈ ವಾದದ ಮೇಲೆ ಎದ್ದ ಒಂದು ಆಕ್ಷೇಪವನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಅದು ವೆಂಕಟಾಪುರದ ಓಣಿಗಳವರೆಗೂ ಬರುತ್ತದೆ. ಗಾಳಿಯ ಅಣುಗಳು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡುತ್ತವೆ ಎಂದು ಲೆಕ್ಕ ಹೇಳುತ್ತದೆ. ಹಾಗಾದರೆ ಊಟದ ಪರಿಮಳ ಉದ್ದನೆಯ ಕೋಣೆಯ ಆಚೆ ತುದಿಗೆ ತಲುಪಲು ಅಷ್ಟು ಹೊತ್ತೇಕೆ, ಹೊಗೆ ಪದರ ಪದರವಾಗಿ ಗಾಳಿಯಲ್ಲಿ ನಿಲ್ಲುವುದೇಕೆ ಎಂದು ಡಚ್ ಹವಾಮಾನ ತಜ್ಞ ಬಯ್ಸ್ ಬ್ಯಾಲಟ್ ಕೇಳಿದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅಡುಗೆಮನೆಯಲ್ಲಿ ಇಂಗಿನ ಒಗ್ಗರಣೆ ಚಟಪಟ ಎಂದ ಮರುಕ್ಷಣವೇ ಜಗಲಿಯಲ್ಲಿ ಕುಳಿತವನ ಮೂಗಿಗೆ ಏಕೆ ಬಡಿಯುವುದಿಲ್ಲ? ಕ್ಲಾಸಿಯಸ್ 1858ರಲ್ಲಿ ಉತ್ತರಿಸಿದ: ಅಣು ವೇಗವಾಗಿ ಓಡುತ್ತದೆ ನಿಜ, ಆದರೆ ಕೂದಲೆಳೆಯ ಅಗಲಕ್ಕಿಂತ ಬಹಳ ಕಡಿಮೆ ದೂರ ಹೋಗುವಷ್ಟರಲ್ಲಿ ಇನ್ನೊಂದಕ್ಕೆ ಡಿಕ್ಕಿಯಾಗಿ ದಾರಿ ತಪ್ಪುತ್ತದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಕೈ ತಪ್ಪಿದ ಮಗುವಿನ ಹಾಗೆ, ಓಡುವುದು ಬಹಳ, ಮುಟ್ಟುವುದು ಸ್ವಲ್ಪ. ಬೀಸುವ ಗಾಳಿಯಿಲ್ಲದಿದ್ದರೆ ಅನಿಲಗಳು ಬೆರೆಯುವುದು ನಿಧಾನ. ಭಾರದ ಆವಿಯಾದರೆ ನೆಲ ಬಿಡುವುದೇ ಇಲ್ಲ.

ಇನ್ನು ಆಂಧ್ರದ ಕರಾವಳಿಗೆ ಬರೋಣ. ಕೃಷ್ಣೆ ಗೋದಾವರಿಗಳ ಮುಖಜ ಭೂಮಿಯ ಕೆಳಗೆ ನೈಸರ್ಗಿಕ ಅನಿಲವಿದೆ. ಉತ್ತರದ ತುದಿಯಲ್ಲಿ ವಿಶಾಖಪಟ್ಟಣದ ಬಂದರು ಮತ್ತು ತೈಲಾಗಾರ, ದಕ್ಷಿಣದಲ್ಲಿ ವಿಜಯವಾಡದ ಸುತ್ತಣ ವಿದ್ಯುತ್ ಸ್ಥಾವರಗಳು. ಈ ಎರಡು ಊರುಗಳ ನಡುವೆ ಒತ್ತಡ, ಗಾತ್ರ, ತಾಪಗಳ ಪಾಠ ಪುಸ್ತಕದಲ್ಲಿ ನಿಲ್ಲದೆ ಊರೂರಿನ ನೆನಪಾಗಿಬಿಟ್ಟಿದೆ.

1995ರ ಜನವರಿ 8ರಂದು ಕೋನಸೀಮೆಯ ಪಾಸರ್ಲಪೂಡಿಯಲ್ಲಿ ಓಎನ್‌ಜಿಸಿ ಕೊರೆಯುತ್ತಿದ್ದ ಬಾವಿ ಕೈ ಮೀರಿ ಚಿಮ್ಮಿ ಹೊತ್ತಿಕೊಂಡಿತು. ಆರಿಸಲು 65 ದಿನ ಹಿಡಿಯಿತು. ಅದರ ಹಿಂದಿನ ಲೆಕ್ಕ ಬಾಯ್ಲ್‌ನದೇ. ನೆಲದಡಿಯಲ್ಲಿ ಪ್ರತಿ ಹತ್ತು ಮೀಟರಿಗೆ ನೀರಿನ ಭಾರ ಒಂದು ವಾಯುಮಂಡಲದಷ್ಟು ಕೂಡುತ್ತದೆ. ಎರಡೂವರೆ ಸಾವಿರ ಮೀಟರ್ ಆಳದಲ್ಲಿ ಅದು ಸುಮಾರು 250 ಪಟ್ಟು. ಅಷ್ಟು ಅದುಮಿಸಿಕೊಂಡ ಅನಿಲದ ಒಂದು ಲೀಟರ್ ಮೇಲೆ ಬರುವಷ್ಟರಲ್ಲಿ ನೂರಾರು ಲೀಟರ್ ಆಗುತ್ತದೆ. ಕೊರೆಯುವವರು ಬಾವಿಯೊಳಗೆ ಭಾರವಾದ ಕೆಸರನ್ನು ತುಂಬಿ ಅದನ್ನು ಅದುಮಿ ಹಿಡಿದಿರುತ್ತಾರೆ. ಕೆಸರಿನ ಭಾರ ಅನಿಲದ ಒತ್ತಡಕ್ಕೆ ಸೋತರೆ ಮೇಲಕ್ಕೆ ಬರುವ ದಾರಿಯುದ್ದಕ್ಕೂ ಅದು ಹಿಗ್ಗುತ್ತ, ಹಿಗ್ಗಿದಷ್ಟೂ ಕೆಸರನ್ನು ಹೊರದೂಡುತ್ತ, ದೂಡಿದಷ್ಟೂ ಇನ್ನಷ್ಟು ಹಿಗ್ಗುತ್ತ ಬರುತ್ತದೆ.

ಎರಡು ವರ್ಷಗಳ ನಂತರ, 1997ರ ಸೆಪ್ಟೆಂಬರ್ 14ರ ಭಾನುವಾರ ಬೆಳಗ್ಗೆ, ವಿಶಾಖಪಟ್ಟಣದ ಎಚ್‌ಪಿಸಿಎಲ್ ತೈಲಾಗಾರದಲ್ಲಿ ಎಲ್‌ಪಿಜಿ ಸೋರಿ ಸ್ಫೋಟಿಸಿತು. 1957ರಲ್ಲಿ ಕಾಲ್ಟೆಕ್ಸ್ ಕಂಪನಿ ಕಟ್ಟಿದ ತೈಲಾಗಾರವದು. ಹಡಗಿನಿಂದ ಎಲ್‌ಪಿಜಿಯನ್ನು ದೊಡ್ಡ ಗೋಳಾಕಾರದ ತೊಟ್ಟಿಗಳಿಗೆ ತುಂಬಿಸಿಕೊಳ್ಳುವ ಕೆಲಸ ನಡೆದಿತ್ತು. ಸುಮಾರು 60 ಮಂದಿ ಸತ್ತರು; ತೊಟ್ಟಿಗಳು ಒಂದರಿಂದೊಂದಕ್ಕೆ ಹೊತ್ತಿ ದಿನಗಟ್ಟಲೆ ಉರಿದವು. ಇಲ್ಲಿಯದು ಗಾತ್ರದ ಪಾಠ. ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿ 14.2 ಕಿಲೋ ಎಲ್‌ಪಿಜಿ ಇರುತ್ತದೆ. ದ್ರವವಾಗಿ ಅದು ಒಂದು ದೊಡ್ಡ ಕೊಡದಷ್ಟು, ಇಪ್ಪತ್ತಾರು ಲೀಟರಿನ ಆಸುಪಾಸು. ಹೊರಬಿಟ್ಟರೆ ಆರು ಸಾವಿರ ಲೀಟರಿಗೂ ಹೆಚ್ಚು ಅನಿಲ. ಸುಮಾರು 250 ಪಟ್ಟು. ಗಾಳಿಗಿಂತ ಭಾರವಾದ್ದರಿಂದ ತಗ್ಗು ಹುಡುಕಿ ಹರಡುತ್ತದೆ, ಕಿಡಿ ಎಲ್ಲಿದೆಯೋ ಅಲ್ಲಿಯವರೆಗೆ.

ಅಡುಗೆಮನೆಯ ಸಿಲಿಂಡರಿನಲ್ಲಿ ಇನ್ನೊಂದು ಸೋಜಿಗವಿದೆ. ತಿಂಗಳ ಮೊದಲ ದಿನವೂ ಇಪ್ಪತ್ತನೆಯ ದಿನವೂ ಒಳಗಿನ ಒತ್ತಡ ಹೆಚ್ಚುಕಡಿಮೆ ಒಂದೇ. ದ್ರವ ಒಂದು ಲೋಟದಷ್ಟು ಉಳಿದಿದ್ದರೂ ಅದು ಆವಿಯಾಗಿ ಜಾಗ ತುಂಬುತ್ತದೆ. ಆವಿಯ ಒತ್ತಡ ತಾಪವನ್ನು ಅವಲಂಬಿಸಿದೆಯೇ ಹೊರತು ಎಷ್ಟು ಉಳಿದಿದೆ ಎಂಬುದನ್ನಲ್ಲ. ಒತ್ತಡವನ್ನು ಕೇಳಿದರೆ ಗ್ಯಾಸ್ ಮುಗಿಯುವ ಹಿಂದಿನ ದಿನದವರೆಗೂ ಅದು ‘ಎಲ್ಲ ಸರಿಯಾಗಿದೆ’ ಎನ್ನುತ್ತದೆ. ಇದನ್ನು ಅರಿತ ಗೃಹಿಣಿಯರು ಒದ್ದೆ ಬಟ್ಟೆಯಿಂದ ಸಿಲಿಂಡರನ್ನು ಮೇಲಿನಿಂದ ಕೆಳಗೆ ಒರೆಸಿ ಕಾಯುತ್ತಾರೆ. ಮೇಲುಭಾಗ ಬೇಗ ಆರುತ್ತದೆ, ದ್ರವವಿರುವ ಕೆಳಭಾಗ ತಡವಾಗಿ; ತೇವ ನಿಂತ ಗೆರೆಯೇ ಉಳಿದ ಮಟ್ಟ. ಒಂದೇ ಕಡೆ ಬೆರಳಿಟ್ಟು ನೋಡುವ ಬದಲು ಇಡೀ ಮೈಯನ್ನು ಕೇಳುವ ಉಪಾಯ.

ವಿಜಯವಾಡದ ಹೆಸರು ಬರುವುದು 2014ರಲ್ಲಿ. ಆ ಊರಿನ ಬೇಸಿಗೆಗೆ ‘ಬ್ಲೇಜ್‌ವಾಡ’ ಎಂಬ ಅಡ್ಡಹೆಸರಿದೆ. ಹಳೆಯ ಬೆಜವಾಡಕ್ಕೆ ಬೆಂಕಿ ಸೇರಿಸಿದ್ದು. ಪಕ್ಕದ ಕೊಂಡಪಲ್ಲಿ, ನಮ್ಮ ಚನ್ನಪಟ್ಟಣದ ಹಾಗೆ, ಮರದ ಗೊಂಬೆಗಳಿಗೆ ಹೆಸರಾದುದು. ಅಲ್ಲಿಯ ವಿದ್ಯುತ್ ಸ್ಥಾವರಕ್ಕೆ ಕೋನಸೀಮೆಯ ತಾಟಿಪಾಕದಿಂದ ಗೇಲ್ ಸಂಸ್ಥೆಯ ಕೊಳವೆಮಾರ್ಗದಲ್ಲಿ ಅನಿಲ ಹೋಗುತ್ತಿತ್ತು. ಜೂನ್ 27ರ ನಸುಕಿನಲ್ಲಿ ನಗರಂ ಎಂಬ ಹಳ್ಳಿಯ ನಡುವೆ ಆ ಕೊಳವೆ ಬಿರಿಯಿತು. ಸೋರಿ ಹರಡಿದ್ದ ಅನಿಲಕ್ಕೆ ಚಹದಂಗಡಿಯ ಒಲೆಯಿಂದ ಕಿಡಿ ತಗಲಿತೆಂದು ಆಗ ವರದಿಯಾಯಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು, ತೆಂಗಿನ ತೋಟಗಳು ನಿಂತಲ್ಲೇ ಕರಕಾದವು. ಒಣ ಅನಿಲಕ್ಕೆಂದು ಹಾಕಿದ ಕೊಳವೆಯಲ್ಲಿ ತೇವದ ಅನಿಲ ಹರಿಯುತ್ತಿತ್ತು. ನೆಲದಡಿಯಿಂದ ಬಿಸಿಯಾಗಿ ಬರುವ ಅನಿಲ ತನ್ನೊಡನೆ ನೀರಿನ ಆವಿಯನ್ನೂ ತರುತ್ತದೆ. ದಾರಿಯಲ್ಲಿ ತಣಿದಂತೆ ಆ ಆವಿ ಹನಿಗಟ್ಟಿ ಕೊಳವೆಯ ತಗ್ಗುಗಳಲ್ಲಿ ನಿಲ್ಲುತ್ತದೆ. ಅನಿಲದಲ್ಲಿ ಇಂಗಾಲದ ಡೈಆಕ್ಸೈಡ್ ಇದ್ದರೆ ಅದು ಆ ನೀರಿನಲ್ಲಿ ಕರಗಿ ಆಮ್ಲವಾಗಿ ಉಕ್ಕನ್ನು ತಿನ್ನುತ್ತದೆ. ಎರಡು ತುದಿಗಳ ಒತ್ತಡಮಾಪಕಗಳು ಏನೇ ಹೇಳಲಿ, ನಡುವಿನ ತಗ್ಗಿನಲ್ಲಿ ನಡೆಯುವುದು ಅವುಗಳಿಗೆ ತಿಳಿಯದು.

ಮತ್ತೆ ಎಂ-6 ತೊಟ್ಟಿಗೆ. ಆ ಕಾರ್ಖಾನೆಯ ವಂಶಾವಳಿಯಲ್ಲಿ ಕನ್ನಡಿಗರಿಗೆ ಪರಿಚಯದ ಹೆಸರೊಂದಿದೆ. 1961ರಲ್ಲಿ ಹಿಂದೂಸ್ತಾನ್ ಪಾಲಿಮರ್ಸ್ ಎಂದು ಶುರುವಾದುದು 1978ರಲ್ಲಿ ಬೆಂಗಳೂರಿನ ಯುಬಿ ಸಮೂಹದ ಮ್ಯಾಕ್‌ಡೊವೆಲ್ ಕಂಪನಿಯೊಡನೆ ವಿಲೀನವಾಯಿತು. 1997ರಲ್ಲಿ ಕೊರಿಯಾದ ಎಲ್‌ಜಿ ಕೆಮ್ ಅದನ್ನು ಕೊಂಡಿತು. ಅಲ್ಲಿ ತಯಾರಾಗುತ್ತಿದ್ದುದು ಪಾಲಿಸ್ಟೈರೀನ್. ನಮ್ಮ ಗಣಪತಿ ಮಂಟಪಗಳನ್ನು ಅಲಂಕರಿಸುವ ಥರ್ಮೋಕೋಲ್ ಅದರದೇ ಉಬ್ಬಿಸಿದ ರೂಪ.

ಸ್ಟೈರೀನಿಗೆ ಒಂದು ಸ್ವಭಾವವಿದೆ. ಅದರ ಅಣುಗಳು ಯಾರೂ ಹೇಳದಿದ್ದರೂ ಒಂದರ ಕೈ ಒಂದು ಹಿಡಿದು ಸರಪಳಿ ಕಟ್ಟುತ್ತವೆ. ತಂಪಿನಲ್ಲಿ ಬಹು ನಿಧಾನ, ಬಿಸಿಯಲ್ಲಿ ಬಿರುಸು. ಇಂಥ ಕ್ರಿಯೆಗಳು ಹತ್ತು ಡಿಗ್ರಿ ಏರಿದರೆ ಸುಮಾರಾಗಿ ಇಮ್ಮಡಿ ವೇಗ ಪಡೆಯುತ್ತವೆ. ಕೈಹಿಡಿದಾಗಲೆಲ್ಲ ಶಾಖ ಹೊರಬೀಳುತ್ತದೆ. ಒಂದು ಕಿಲೋ ಸ್ಟೈರೀನ್ ಪೂರ್ತಿಯಾಗಿ ಬೆಸೆದುಕೊಂಡರೆ ಬರುವ ಶಾಖದಿಂದ ಎರಡು ಲೀಟರ್ ತಣ್ಣೀರನ್ನು ಕುದಿಯ ಅಂಚಿಗೆ ತರಬಹುದು. ಆದ್ದರಿಂದ ಅದನ್ನು ತಂಪಾಗಿಡಬೇಕು, ಮತ್ತು ಟಿಬಿಸಿ ಎಂಬ ತಡೆಮದ್ದನ್ನು ಬೆರೆಸಿರಬೇಕು. ಆ ಮದ್ದು ಕೆಲಸ ಮಾಡಲು ದ್ರವದಲ್ಲಿ ಸ್ವಲ್ಪ ಆಮ್ಲಜನಕ ಕರಗಿರಬೇಕು. ದಿನ ಕಳೆದಂತೆ ಮದ್ದು ಸವೆಯುತ್ತದೆ, ಬಿಸಿಯಾದಷ್ಟೂ ಬೇಗ ಸವೆಯುತ್ತದೆ. ಸಾಮಾನ್ಯ ದಿನಗಳಲ್ಲಿ ತೊಟ್ಟಿ ತುಂಬುತ್ತ ಬರಿದಾಗುತ್ತ ಇರುವುದರಿಂದ ಹಳೆಯ ಸರಕು ಹೆಚ್ಚು ದಿನ ನಿಲ್ಲುವುದಿಲ್ಲ. ಮಾರ್ಚ್ 25ರಿಂದ ಎಲ್ಲವೂ ನಿಂತಿತ್ತು.

ಸಮಿತಿಯ ವರದಿ ಹೇಳುವಂತೆ ಹಿಂದಿನ ಡಿಸೆಂಬರಿನಲ್ಲಿ ತೊಟ್ಟಿಯ ಕೊಳವೆ ಜೋಡಣೆಯಲ್ಲಿ ಒಂದು ಮಾರ್ಪಾಡಾಗಿತ್ತು. ಅದರಿಂದ ದ್ರವ ಸುತ್ತಿ ಬರುವ ಕ್ರಮ ಕೆಟ್ಟಿತು. ತಂಪು ಮಾಡುವ ಯಂತ್ರ ಇಪ್ಪತ್ತನಾಲ್ಕು ಗಂಟೆಯೂ ನಡೆಯುತ್ತಿರಲಿಲ್ಲ. ತಡೆಮದ್ದಿನ ದಾಸ್ತಾನು ಸಾಲದಾಗಿತ್ತು. ತಣಿಸಿದ ದ್ರವ ತಳದಲ್ಲೇ ಸುತ್ತಿತು, ಮೇಲೇರಲಿಲ್ಲ.

ಏಕೆ ಏರಲಿಲ್ಲ ಎಂಬುದಕ್ಕೆ ನಮ್ಮ ಹಳೆಯ ಬಚ್ಚಲುಮನೆಯ ಹಂಡೆ ಸಾಕು. ಹಂಡೆಗೆ ಉರಿ ಕೆಳಗಿನಿಂದ. ತಳದ ನೀರು ಕಾದು ಹಗುರಾಗಿ ಮೇಲೇಳುತ್ತದೆ, ಮೇಲಿನ ತಣ್ಣೀರು ಕೆಳಗಿಳಿಯುತ್ತದೆ, ಇಡೀ ಹಂಡೆ ತನ್ನನ್ನು ತಾನೇ ಕಲಸಿಕೊಳ್ಳುತ್ತದೆ. ಅದೇ ಹಂಡೆಯನ್ನು ಮೇಲಿನಿಂದ ಕಾಯಿಸಿ ತಳಕ್ಕೆ ತಣ್ಣೀರು ಬಿಡುತ್ತ ಹೋಗಿ ನೋಡಿ. ಬಿಸಿ ಮೇಲೆಯೇ ತೇಲುತ್ತದೆ, ತಂಪು ಕೆಳಗೇ ಕೂರುತ್ತದೆ. ಕಲಸುವವರಿಲ್ಲದೆ ಒಂದರ ಸುದ್ದಿ ಒಂದಕ್ಕೆ ಮುಟ್ಟುವುದು ಬಹಳ ತಡ. ವಾಟರ್‌ಸ್ಟನ್ ಹೇಳಿದ ಸರಾಸರಿಗೆ ಒಂದು ಷರತ್ತಿತ್ತು: ಅಣುಗಳು ಡಿಕ್ಕಿಯಾಗಿ ಹಂಚಿಕೊಂಡಿರಬೇಕು. ಹಂಚಿಕೆಯಾಗದ ಕಡೆ ಇಡೀ ತೊಟ್ಟಿಗೆ ಒಂದು ತಾಪವೆಂಬುದೇ ಇಲ್ಲ. ಆ ಸ್ಥಿತಿಯಲ್ಲಿ ಎಂ-6 ಒಂದು ತೊಟ್ಟಿಯಾಗಿರಲಿಲ್ಲ. ಒಂದರ ಮೇಲೊಂದು ಕೂತ ಹಲವು ತೊಟ್ಟಿಗಳಾಗಿತ್ತು. ಮಾಪಕವಿದ್ದುದು ಅತ್ಯಂತ ಕೆಳಗಿನದರಲ್ಲಿ. ಮೇಲಿನ ಪದರದಲ್ಲಿ ಮದ್ದು ಸವೆದು, ಸರಪಳಿ ಕಟ್ಟುವ ಕೆಲಸ ಶುರುವಾಗಿ, ಅದರಿಂದ ಬಿಸಿ, ಬಿಸಿಯಿಂದ ಇನ್ನಷ್ಟು ಸರಪಳಿ ಎಂದು ಏರುತ್ತಿದ್ದಾಗ ದಾಖಲೆ ಪುಸ್ತಕಕ್ಕೆ ಸೇರುತ್ತಿದ್ದುದು ತಳದ ಅಂಕಿ.

ತೊಟ್ಟಿಯ ನೆತ್ತಿಯಲ್ಲಿ ಗಾಳಿಗೆ ತೆರೆದ ಕಂಡಿಗಳಿದ್ದವು. ಅದು ಒತ್ತಡ ತಡೆಯುವ ಗೋಳವಲ್ಲ. ಮುಚ್ಚಿದ ಪಾತ್ರೆಯಾಗಿದ್ದರೆ ಬಿಸಿಯೇರಿದಂತೆ ಒತ್ತಡವೂ ಏರಿ ಯಾವುದೋ ಮುಳ್ಳು ಅಲುಗಾಡುತ್ತಿತ್ತೇನೋ. ಇಲ್ಲಿ ಒತ್ತಡ ಹೆಚ್ಚಲು ಅವಕಾಶವಿಲ್ಲದೆ ಗಾತ್ರವೇ ಹೆಚ್ಚಿತು. ಮೇಲಿನ ಪದರ ಕುದಿಬಿಂದು ಮುಟ್ಟಿದ ಮೇಲೆ ಒಂದೊಂದು ಲೀಟರ್ ದ್ರವವೂ ಸುಮಾರು 300 ಲೀಟರ್ ಆವಿಯಾಗಿ ಹೊರಹೊರಟಿತು. ಬಿಸಿ ಆವಿ ಹಗುರಾಗಿ ಆಕಾಶಕ್ಕೆ ಏರಿಹೋಗಬೇಕಿತ್ತಲ್ಲವೆ ಎಂದು ಕೇಳಬಹುದು. ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ಸ್ಟೈರೀನ್ ಅಣು ಗಾಳಿಯ ಅಣುವಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಭಾರ. 145 ಡಿಗ್ರಿಯಲ್ಲಿ ಹಿಗ್ಗಿದ ಮೇಲೂ ಅದು ಸುತ್ತಲಿನ ತಂಪು ಗಾಳಿಗಿಂತ ಎರಡೂವರೆ ಪಟ್ಟು ಭಾರವಾಗಿಯೇ ಉಳಿಯುತ್ತದೆ. ಹೊರಗೆ ಬಂದು ತಣಿದು ಸೂಕ್ಷ್ಮ ಹನಿಗಳಾದಾಗ ಇನ್ನೂ ಭಾರ. ಅದೇ ತಾಪದಲ್ಲಿ ಅದರ ಅಣುಗಳ ಓಟ ಗಾಳಿಯ ಅಣುಗಳ ಅರ್ಧದಷ್ಟು. ನಸುಕಿನ ಗಾಳಿ ಮಂದವಾಗಿರುತ್ತದೆ, ಅದೂ ಬೆಟ್ಟಗಳು ಸುತ್ತುವರಿದ ಈ ಬೋಗುಣಿಯಂಥ ಊರಿನಲ್ಲಿ. ಬಯ್ಸ್ ಬ್ಯಾಲಟ್ ಕಂಡ ಹೊಗೆಯ ಪದರದಂತೆ ಅದು ಓಣಿಗಳಲ್ಲಿ ನಿಂತಿತು. ಎತ್ತರದ ಮಹಡಿಗೆ ಏರಬೇಕೋ ರಸ್ತೆಗೆ ಇಳಿಯಬೇಕೋ ಎಂಬುದು ಆ ಹೊತ್ತಿನಲ್ಲಿ ಜೀವದ ಪ್ರಶ್ನೆ. ಹೇಳುವವರು ಇರಲಿಲ್ಲ. ಕಾರ್ಖಾನೆಯ ಅಪಾಯದ ಸೈರನ್ ಕೂಗಲೇ ಇಲ್ಲವೆಂಬುದನ್ನೂ ಸಮಿತಿ ದಾಖಲಿಸಿದೆ.

ತಾಪವನ್ನು ಹಲವು ಎತ್ತರಗಳಲ್ಲಿ ಅಳೆಯುವುದು ಹೊಸ ವಿದ್ಯೆಯೇನಲ್ಲ, ದುಬಾರಿಯೂ ಅಲ್ಲ. ಒದ್ದೆ ಬಟ್ಟೆಯ ಗೃಹಿಣಿಗೆ ತಿಳಿದ ವಿಚಾರ. ಅದರ ಕೊರತೆಯನ್ನು ತಾಂತ್ರಿಕ ದೋಷವೆಂದು ಕರೆದು ಪಕ್ಕಕ್ಕಿಡುವುದನ್ನು ನಾನು ಒಪ್ಪಲಾರೆ. ಎಲ್ಲಿ ಅಳೆಯಬೇಕೆಂದು ತೀರ್ಮಾನಿಸುವುದು ಮನುಷ್ಯರ ಕೆಲಸ, ಮತ್ತು ಆ ತೀರ್ಮಾನ ಮಾಡಿದವರು ಅಂದು ರಾತ್ರಿ ವೆಂಕಟಾಪುರದಲ್ಲಿ ಮಲಗಿರಲಿಲ್ಲ.

ಆಮೇಲಿನದನ್ನು ಬೇಗ ಹೇಳಬಹುದು. ತಡೆಮದ್ದನ್ನು ಗುಜರಾತಿನಿಂದ ವಿಮಾನದಲ್ಲಿ ತರಿಸಿದರು. ಸುತ್ತಲಿನ ಹಳ್ಳಿಗಳನ್ನು ತೆರವು ಮಾಡಿಸಿದರು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಮರುದಿನವೇ ಕಂಪನಿಗೆ 50 ಕೋಟಿ ರೂಪಾಯಿ ಠೇವಣಿ ಇಡಲು ಹೇಳಿತು. ಜುಲೈಯಲ್ಲಿ ವರದಿ ಬಂದ ಬೆನ್ನಲ್ಲೇ ಕಂಪನಿಯ ಮುಖ್ಯಾಧಿಕಾರಿಯೂ ಸೇರಿ ಹನ್ನೆರಡು ಮಂದಿಯನ್ನು ಪೊಲೀಸರು ಬಂಧಿಸಿದರು. ಕಾರ್ಖಾನೆಯಲ್ಲಿ ಮತ್ತು ಬಂದರಿನ ತೊಟ್ಟಿಗಳಲ್ಲಿ ಉಳಿದಿದ್ದ ಸುಮಾರು 13,000 ಟನ್ ಸ್ಟೈರೀನನ್ನು ರಾಜ್ಯ ಸರ್ಕಾರದ ಆದೇಶದಂತೆ ಹಡಗುಗಳಿಗೆ ತುಂಬಿ ದಕ್ಷಿಣ ಕೊರಿಯಾಕ್ಕೆ ಹಿಂದಕ್ಕೆ ಕಳುಹಿಸಿದರು. ಎಂ-6ರಲ್ಲಿ ಆವಿಯಾಗದೆ ಮಿಕ್ಕದ್ದನ್ನು ಕಳುಹಿಸುವಂತಿರಲಿಲ್ಲ. ಅದು ಒಳಗೇ ಸರಪಳಿ ಕಟ್ಟಿಕೊಂಡು ಗಟ್ಟಿಯಾಗಿತ್ತು.